ಎಮ್ಮೆ ಮಿಷನ್ನಿಗೆ ಕೊಟ್ಟ ತಲೆ

ಮೊನ್ನೆ ಗಚ್ಚಿಬೌಲಿಯ ಹೊಸ ಹೋಟೆಲೊಂದರ ಗೋಡೆಯ ಮೇಲೆ, ಗಾಜಿನ ಚೌಕಟ್ಟಿನೊಳಗೆ, ಎಮ್ಮೆಗಳ ಕೂದಲು ತೆಗೆಯುವ ಹಳೆಯ ಕೈಮಿಷನ್ನು ಕಂಡಿತು. ಎರಡು ಹಿಡಿ, ಮುಂದೆ ಬಾಚಣಿಗೆಯಂಥ ಹಲ್ಲು. ನನ್ನ ಕೈ ತಾನಾಗಿಯೇ ತಲೆಯ ಮೇಲೆ ಹೋಯಿತು. ಈಗಿನ ಬೋಳು ವಯಸ್ಸಿನದು ಬಿಡಿ. ಮೊದಲನೆಯದು ಅಂಥ ಮಿಷನ್ನಿನದು.

ಊರೆಲ್ಲ ಕಂಪ್ಯೂಟರ್ ಎಂದು ಕುಣಿಯುತ್ತಿದ್ದ ಕಾಲ. ಕಾಚಿಗೂಡದಲ್ಲಿ ಎಮ್ಮೆಕೊಟ್ಟಿಗೆಯ ಹಿಂದೆ ನನ್ನ ಬಾಡಿಗೆ ಕೋಣೆ. ಎಮ್ಮೆಗಳಿಗೆ ಹೇನು ಹತ್ತದಿರಲೆಂದು ತಿಂಗಳಿಗೊಮ್ಮೆ ಬಂದು ಬೋಳಿಸುತ್ತಿದ್ದವನು ಯಾದಗಿರಿ ಕಡೆಯ ಶರಣಪ್ಪ. ಬಂದಾಗಲೆಲ್ಲ, ಆ ತೆಲುಗು ಊರಿನಲ್ಲಿ ಕನ್ನಡ ಕೇಳುವ ಆಸೆಗೆ, ಅವನೊಡನೆ ಹರಟುತ್ತಿದ್ದೆ. ಅವನು ಬಂದಿದ್ದ ಒಂದು ದಿನ, ಬೆಳಗಾದರೆ ನನ್ನ ಮೊದಲ ಸಂದರ್ಶನ. ತಲೆ ನೋಡಿದರೆ ಕಾಡು. ಮಂಗಳವಾರ ಬೇರೆ, ಕ್ಷೌರದಂಗಡಿಗಳೆಲ್ಲ ಬಂದ್.

"ಕಿವಿ ಹಿಂದ ಒಂಚೂರು ತಗಿ, ಶರಣಪ್ಪ," ಎಂದೆ.

"ಬ್ಯಾಡ್ರಿ. ಎಮ್ಮಿ ಸುಮ್ನ ನಿಂದರ್ತಾವ. ನೀವು ನಿಂದ್ರಂಗಿಲ್ರಿ."

ಓದಿದವನು ನಾನು, ಕೇಳುತ್ತೇನೆಯೇ? ಸೀಮೆಎಣ್ಣೆ ಬಿಟ್ಟ ತಣ್ಣನೆಯ ಹಲ್ಲು ಕುತ್ತಿಗೆಗೆ ತಾಗಿದ್ದೇ ತಡ, ಹೌಹಾರಿ ಕತ್ತು ಕೊಡವಿದೆ. ಕಿವಿಯಿಂದ ನೆತ್ತಿಯವರೆಗೆ ಒಂದು ರಸ್ತೆಯಾಯಿತು. ಉಳಿದದ್ದನ್ನೂ ತೆಗೆಯದೆ ಗತಿಯಿರಲಿಲ್ಲ. "ನನ್ನಿಂದ ನಿಮ್ಮ ನೌಕರಿ ಹೋತಲ್ರಿ," ಎಂದು ಶರಣಪ್ಪ ಕಣ್ಣಲ್ಲಿ ನೀರು ತಂದುಕೊಂಡ.

ಸಂದರ್ಶನ ಮಾಡಿದ ಬೀದರಿನ ಮೇಡಂ ಒಬ್ಬರು ನನ್ನ ತಲೆ ನೋಡಿ, "ತಿರುಪತಿಯೇನು?" ಎಂದರು. ಹೂಂ ಎಂದುಬಿಟ್ಟೆ. ಕೆಲಸ ಸಿಕ್ಕಿತು. ತಿಮ್ಮಪ್ಪನ ಹೆಸರಿನಲ್ಲಿ ಸಿಕ್ಕ ಕೆಲಸ, ಸುಳ್ಳು ಬಯಲಾದರೆ ಹೋಗುತ್ತದೆಂದು ಪುಕುಪುಕು. ಮುಂದಿನ ತಿಂಗಳು ಕಾಚಿಗೂಡದಲ್ಲಿ ಕಂಪನಿ ಬಸ್ಸು ನಿಂತಿದ್ದಾಗ ಶರಣಪ್ಪ, ಕೈಯಲ್ಲಿ ಮಿಷನ್ನು ಹಿಡಿದೇ, ಕಿಟಕಿಗೆ ಓಡಿಬಂದ. "ನೌಕರಿ ಸಿಕ್ತೇನ್ರಿ?" ಪಕ್ಕದಲ್ಲಿ ಮೇಡಂ ಕೂತಿದ್ದರು. ನಾನು ಗುರುತಿಲ್ಲದವನಂತೆ ಮುಖ ತಿರುಗಿಸಿದೆ. ಆ ವಾರವೇ ಕೋಣೆಯನ್ನೂ ಬದಲಿಸಿದೆ.

ಮೊನ್ನೆ ಹೋಟೆಲಿನಲ್ಲಿ ಎದುರಿಗೆ ಕೂತಿದ್ದವರು ಅದೇ ಮೇಡಂ, ಈಗ ನಿವೃತ್ತರು. ಗೋಡೆ ತೋರಿಸಿ ಎಲ್ಲ ಒಪ್ಪಿಕೊಂಡೆ.

"ಅವತ್ತೇ ಗೊತ್ತಾಗಿತ್ತೋ," ಎಂದರು. "ತಿರುಪತ್ಯಾಗ ಬೋಳಿಸಿದ ತಲಿಗೆ ಗಂಧ ಹಚ್ತಾರ. ನಿನ್ನ ತಲಿ ಸೀಮಿಎಣ್ಣಿ ನಾರಾಕತ್ತಿತ್ತು. ನಮ್ಮ ಮನ್ಯಾಗೂ ಎಮ್ಮಿ ಇದ್ವಪಾ. ಉತ್ತರ ಛಲೋ ಹೇಳಿದಿ, ಕೆಲಸ ಕೊಟ್ಟೆ."

ನಗಲು ಹೋದೆ, ಆಗಲಿಲ್ಲ. ಹಾಗಾದರೆ ಅವತ್ತು ಕಿಟಕಿಯಿಂದ "ಸಿಕ್ತೋ ಶರಣಪ್ಪ" ಎನ್ನಲು ನನಗೆ ಯಾವ ಅಡ್ಡಿಯೂ ಇರಲಿಲ್ಲ. ತನ್ನಿಂದ ನನ್ನ ನೌಕರಿ ಹೋಯಿತು, ಅದಕ್ಕೇ ಸಿಟ್ಟು ಎಂದುಕೊಂಡೇ ಅವನು ಹಿಂದಿರುಗಿರಬೇಕು. ಅವನು ಮೊದಲೇ ಹೇಳಿದ್ದ, ನೀವು ನಿಂದ್ರಂಗಿಲ್ರಿ ಎಂದು. ಎಮ್ಮೆಗಳಾದರೂ ನಿಲ್ಲುತ್ತಿದ್ದವು.