ಬಲೆ ಹೊಡೆಯುವ ಕೋಲಿನ ಆಂಟೆನಾ

ನನ್ನ ಯಜಮಾನರ ಧ್ವನಿಪೆಟ್ಟಿಗೆಯನ್ನು ಆಪರೇಷನ್ ಮಾಡಿ ತೆಗೆದ ಮೇಲೆ ನಮ್ಮ ಮನೆಯ ಜಗಳಗಳು ಬಹಳ ನಿಧಾನವಾದವು. ನಾನು ಒಂದು ಮಾತು ಅಂದರೆ, ಅವರು ಮಕ್ಕಳು ಆಡುವ ಪ್ಲಾಸ್ಟಿಕ್ ಸ್ಲೇಟಿನ ಮೇಲೆ ಉತ್ತರ ಗೀಚಿ ನನ್ನ ಮುಖಕ್ಕೆ ಹಿಡಿಯುವಷ್ಟರಲ್ಲಿ ನನ್ನ ಸಿಟ್ಟು ಅರ್ಧ ಇಳಿದಿರುತ್ತಿತ್ತು. ರೈಲ್ವೆ ಕೆಲಸದಲ್ಲಿದ್ದಷ್ಟು ಕಾಲ ಮಾತಿನಲ್ಲೇ ಊರನ್ನು ಎದುರು ಹಾಕಿಕೊಂಡ ಮನುಷ್ಯ ಅವರು. ಈಗ ಕತ್ತಿನ ತೂತಿಗೆ ಬಿಳಿ ಬಟ್ಟೆ ಕಟ್ಟಿಕೊಂಡು ಕಿಟಕಿಯ ಪಕ್ಕ ಸುಮ್ಮನೆ ಕೂತಿರುವುದನ್ನು ನೋಡಿದರೆ ನನಗೆ ಸಂಕಟವಾಗುತ್ತಿತ್ತು. ಜಗಳವಾಡುವುದಕ್ಕೂ ಮನಸ್ಸು ಬರುತ್ತಿರಲಿಲ್ಲ.

ಅದಕ್ಕಿಂತ ದೊಡ್ಡ ಸಂಕಟವೊಂದನ್ನು ನಾನು ಸೆರಗಿನಲ್ಲಿ ಕಟ್ಟಿಕೊಂಡು ಓಡಾಡುತ್ತಿದ್ದೆ. ದೀಪಾವಳಿ ಮುಗಿದ ವಾರ ಸ್ಕ್ಯಾನ್ ಆಗಿತ್ತು. ಡಾಕ್ಟರು ಅವರನ್ನು ರೂಮಿನಲ್ಲೇ ಕೂರಿಸಿ, ನನ್ನನ್ನು ಕಾರಿಡಾರಿಗೆ ಕರೆದು, ಕಾಯಿಲೆ ಶ್ವಾಸಕೋಶಕ್ಕೆ ಇಳಿದಿದೆ, ಇನ್ನು ಕತ್ತರಿ ಹಾಕಿ ಪ್ರಯೋಜನವಿಲ್ಲ, ನೋವು ಕಾಣದ ಹಾಗೆ ನೋಡಿಕೊಳ್ಳೋಣ ಎಂದರು. ಪೆರುಂಗುಡಿಯ ಆಫೀಸಿನಿಂದ ನೇರ ಆಸ್ಪತ್ರೆಗೆ ಓಡಿಬಂದ ಮಗಳು ಕ್ಯಾಂಟೀನಿನಲ್ಲಿ ನನ್ನ ಕೈ ಹಿಡಿದು, "ಅಪ್ಪಾಕಿಟ್ಟ ಇಪ್ಪೋ ಸೊಲ್ಲ ವೇಣ್ಡಾಮ್ಮಾ. ಪೊಂಗಲ್ ಮುಡಿಯಟ್ಟುಂ" ಅಂದಳು. ಮದ್ರಾಸಿನಲ್ಲೇ ಹುಟ್ಟಿ ಬೆಳೆದ ಅವಳಿಗೆ ಕನ್ನಡ ಎಲ್ಲವೂ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲೇ. ಪೊಂಗಲ್ ಹಬ್ಬ ಮುಗಿಯಲಿ, ಅಪ್ಪನಿಗೆ ಆಮೇಲೆ ಹೇಳೋಣ ಎಂದು ಅವಳ ವಾದ. ನಾನು ಒಪ್ಪಿಕೊಂಡೆ. ಒಳಗೆ ಹೋಗಿ, "ಎಲ್ಲಾ ಚೆನ್ನಾಗಿದೆಯಂತೆ ಕಣ್ರೀ" ಅಂದೆ. ಅವರು ನನ್ನ ಮುಖವನ್ನೇ ನೋಡಿದರು.

ಅವರಿಗೆ ಹರೆಯದಿಂದಲೂ ಹ್ಯಾಮ್ ರೇಡಿಯೋ ಹುಚ್ಚು. ಸರ್ಕಾರದಿಂದ ಲೈಸೆನ್ಸ್ ತೆಗೆದುಕೊಂಡು, ಮನೆಯಲ್ಲೇ ಒಂದು ಪೆಟ್ಟಿಗೆ ಇಟ್ಟುಕೊಂಡು, ಗುರುತು ಪರಿಚಯವಿಲ್ಲದ ಊರಿನವರ ಜೊತೆ ಆಕಾಶದಲ್ಲಿ ಹರಟೆ ಹೊಡೆಯುವ ಹವ್ಯಾಸ. ನಾನು ಅದನ್ನು ಸವತಿ ಎಂದೇ ಕರೆಯುತ್ತಿದ್ದೆ. ಆ ರೇಡಿಯೋದವರಲ್ಲಿ ಒಂದು ಪದ್ಧತಿ ಇದೆ. ಎದುರಿನವರ ಧ್ವನಿ ಎಷ್ಟು ಸ್ಪಷ್ಟ ಎಂದು ಐದಕ್ಕೆ, ಎಷ್ಟು ಜೋರು ಎಂದು ಒಂಬತ್ತಕ್ಕೆ ಮೊದಲು ಅಂಕ ಕೊಡಬೇಕು. ಐದು-ಒಂಬತ್ತು ಅಂದರೆ ಪಕ್ಕದಲ್ಲೇ ಕೂತು ಮಾತಾಡಿದ ಹಾಗೆ ಕೇಳುತ್ತಿದೆ ಎಂದರ್ಥ. ಕಾಲ ಹೋದ ಹಾಗೆ ಅದೂ ನಮಸ್ಕಾರದ ಹಾಗಾಯಿತು. ಕೇಳಲಿ ಬಿಡಲಿ, ಎಲ್ಲರೂ ಎಲ್ಲರಿಗೂ ಐದು-ಒಂಬತ್ತು ಕೊಡುತ್ತಾರೆ. ಇವರು ಮಾತ್ರ ಕೊಡುತ್ತಿರಲಿಲ್ಲ. "ಕೇಳಿಸ್ಲಿಲ್ಲ ಅಂದ್ರೆ ಕೇಳಿಸ್ಲಿಲ್ಲ ಅನ್ನಬೇಕು. ಪಾಪ, ಅವನು ಆಂಟೆನಾ ಸರಿ ಮಾಡ್ಕೋಬೇಡ್ವೇ?" ಎನ್ನುತ್ತಿದ್ದರು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದೆಯುತ್ತಾರಂತೆ. ಈ ಒಂದು ಗುಣದಿಂದ ಅವರು ಕಳೆದುಕೊಂಡ ಸ್ನೇಹಿತರು ಬೇಕಾದಷ್ಟು ಮಂದಿ.

ಧ್ವನಿ ಹೋದರೂ ಕೈ ಇತ್ತು. ಹಿಂದೆ ತಂತಿ ಕಚೇರಿಯಲ್ಲಿದ್ದ ಹಾಗೆ ಕಟ್ಟೆ ಕಡ ಎಂದು ಕುಟ್ಟಿ ಅಕ್ಷರ ಕಳಿಸುವ ಮೋರ್ಸ್ ಕೀಲಿಗೆ ಗಂಟಲು ಬೇಕಿಲ್ಲ. ಒಬ್ಬೊಬ್ಬರು ಕುಟ್ಟುವ ಲಯ ಒಂದೊಂದು ಥರ, ಅದರಿಂದಲೇ ಆಳನ್ನು ಗುರುತು ಹಿಡಿಯುತ್ತಾರಂತೆ. ಆದರೆ ಆಂಟೆನಾ ಇರಲಿಲ್ಲ. ಅವರು ಆಸ್ಪತ್ರೆಯಲ್ಲಿದ್ದಾಗ ನಮ್ಮ ಕೀಲ್ಪಾಕ್ ಅಪಾರ್ಟ್‌ಮೆಂಟಿನ ಟೆರೇಸಿಗೆ ನೀರು ಸೋರದ ಹಾಗೆ ಬಣ್ಣ ಬಳಿದರು. ಆಗ ಅವರ ಕಬ್ಬಿಣದ ಕಂಬವನ್ನು ಬುಡಸಮೇತ ಕಿತ್ತು ಜನರೇಟರ್ ಹಿಂದೆ ಎಸೆದಿದ್ದರು. ಅಸೋಸಿಯೇಷನ್ ಮೀಟಿಂಗಿನಲ್ಲಿ ಟೆರೇಸಿನ ಮೇಲೆ ಇನ್ನು ಯಾರೂ ಏನನ್ನೂ ನೆಡಕೂಡದು ಎಂದು ತೀರ್ಮಾನವೂ ಆಯಿತು. ಆ ಸುದ್ದಿ ಕೇಳಿದ ದಿನ ಅವರು ಊಟ ಬಿಟ್ಟರು. ಸ್ಲೇಟಿನ ಮೇಲೆ, "ಹೋಗೋದ್ರೊಳಗೆ ಒಂದ್ಸಲ ಯಾರಿಗಾದ್ರೂ ಕೇಳಿಸಬೇಕು" ಎಂದು ಬರೆದರು. "ಹೋಗೋದ್ರೊಳಗೆ" ಎಂಬ ಮಾತು ನೋಡಿದವಳೇ, "ಎಲ್ಲಿಗೂ ಹೋಗಲ್ಲ, ಸುಮ್ನಿರಿ" ಎಂದು ಗದರಿ ಅಡುಗೆಮನೆಗೆ ಹೋಗಿಬಿಟ್ಟೆ.

ಉಪಾಯ ಹೊಳೆದದ್ದು ಅವರಿಗೇ. ಜೇಡರ ಬಲೆ ಹೊಡೆಯುವ ಕೋಲು ಇದೆಯಲ್ಲ, ಒಂದರೊಳಗೊಂದು ತೂರಿಕೊಂಡು ಎಳೆದರೆ ಉದ್ದವಾಗುವಂಥದ್ದು, ಅದರ ಬ್ರಷ್ ತೆಗೆದು ಕೋಲಿನ ಉದ್ದಕ್ಕೂ ತಂತಿ ಸುತ್ತಿದರೆ ಆಂಟೆನಾ ಆಯಿತಂತೆ. ಬೇಕಾದಾಗ ಎಳೆದು ನಿಲ್ಲಿಸಿ, ಬೇಡವಾದಾಗ ಮಡಿಸಿ ಬಾಗಿಲ ಹಿಂದೆ ಇಡಬಹುದು. ನೆಟ್ಟ ಹಾಗೂ ಆಗಲಿಲ್ಲ. ಆದರೆ ಕೋಲು ಲೋಹದ್ದಾಗಿರಬಾರದು, ತಂತಿ ಅದರ ಮೈಗೇ ಸುತ್ತುವುದರಿಂದ ಲೋಹ ಎಲ್ಲವನ್ನೂ ಕೆಡಿಸುತ್ತದೆ ಎಂದು ಬರೆದು ಎರಡು ಗೆರೆ ಎಳೆದರು.

ನಾನು ಪ್ಯಾರೀಸ್ ಕಾರ್ನರಿಗೆ ಹೋದೆ. ಪೊರಕೆ, ಮಾಪು, ಬಕೆಟ್ಟುಗಳನ್ನು ಸಗಟು ಮಾರುವ ಓಣಿಯಲ್ಲಿ ಒಂದು ನೀಲಿ ಕೋಲು ಚೆಂದ ಕಂಡಿತು. ಪ್ಲಾಸ್ಟಿಕ್ಕೇ ಎಂದು ನಂಬಿ ತಂದೆ. ಅವರು ಬೀಗದ ಕೈಯಿಂದ ನೀಲಿ ಬಣ್ಣವನ್ನು ಕೆರೆದರು. ಒಳಗೆ ಕಬ್ಬಿಣ ಫಳಫಳ ಅನ್ನುತ್ತಿತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದುಕೊಂಡು, ಮುಂದಿನ ಸಲ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಮ್ಯಾಗ್ನೆಟ್ ಗಣಪತಿಯನ್ನೇ ಕಿತ್ತುಕೊಂಡು ಹೋದೆ. ಅಂಗಡಿಯವನು ನನ್ನನ್ನು ನೋಡಿ, "ಒಟ್ಟಡೆ ಅಡಿಕ್ಕ ಸಾಮಿ ಎದುಕ್ಕು ಮಾಮಿ?" ಅಂದ. ಬಲೆ ಹೊಡೆಯುವುದಕ್ಕೆ ದೇವರು ಯಾಕೆ ಎಂದು ಅವನ ಪ್ರಶ್ನೆ. ನಾನು ಉತ್ತರ ಕೊಡದೆ ಒಂದೊಂದು ಕೋಲಿಗೂ ಗಣಪತಿಯನ್ನು ಮುಟ್ಟಿಸಿ, ಅಂಟದೆ ಇದ್ದದ್ದನ್ನು ಗೆದ್ದವಳ ಹಾಗೆ ಹೊತ್ತು ತಂದೆ. ಯಜಮಾನರು ಕೋಲನ್ನು ಕೈಯಲ್ಲಿ ತೂಗಿ ನೋಡಿ, "ಅಲ್ಯೂಮಿನಿಯಂ. ಮ್ಯಾಗ್ನೆಟ್ಟಿಗೆ ಅಂಟಲ್ಲ ಮಹರಾಯ್ತಿ" ಎಂದು ಬರೆದರು. ಅವರ ಭುಜ ಕುಲುಕುತ್ತಿತ್ತು. ಆಪರೇಷನ್ ಆದ ಮೇಲೆ ಅವರು ನಕ್ಕದ್ದು ಅದೇ ಮೊದಲು, ಸದ್ದಿಲ್ಲದ ನಗು. ನನಗೆ ಒಂದು ಕಡೆ ಅವಮಾನ, ಇನ್ನೊಂದು ಕಡೆ ಇನ್ನೂ ಹತ್ತು ತಪ್ಪು ಕೋಲು ತಂದುಬಿಡೋಣ ಅನ್ನಿಸಿತು.

ಕೊನೆಗೆ ಸಿಕ್ಕಿದ್ದು ನುಗ್ಗೆಕಾಯಿ ಕೀಳುವ ಫೈಬರ್ ಕೋಲು. ಅದರ ತುದಿಯ ಕೊಕ್ಕೆ ಬಿಚ್ಚಿ ತಂತಿ ಸುತ್ತಿದೆವು. ಟೆರೇಸಿಗೆ ಹೇಗೆ ಒಯ್ಯುವುದು? ನಮ್ಮದು ಮಡಿ ಆಚಾರದ ಮನೆ. ನನ್ನ ಅತ್ತೆಯವರು ಒಗೆದ ಮಡಿಬಟ್ಟೆಯನ್ನು ಮುಟ್ಟದೆ ಕೋಲಿನಿಂದ ಎತ್ತಿ ಹಗ್ಗಕ್ಕೆ ಹಾಕುತ್ತಿದ್ದರು. ಅವರು ತೀರಿಕೊಂಡ ಮೇಲೆ ನಾನು ಆ ಆಚಾರವನ್ನು ವಾಷಿಂಗ್ ಮಷೀನಿಗೆ ಒಪ್ಪಿಸಿದ್ದೆ. ಈಗ ಮತ್ತೆ ಶುರು ಮಾಡಿದೆ. ಇಲ್ಲಿಯವರ ಮಾರ್ಗಳಿ, ನಮ್ಮ ಧನುರ್ಮಾಸದ ಬೆಳಿಗ್ಗೆ ಬಕೆಟ್ಟಿನಲ್ಲಿ ಒದ್ದೆ ಸೀರೆ, ಕೈಯಲ್ಲಿ ಕೋಲು ಹಿಡಿದು ಮೇಲೆ ಹೋಗುತ್ತಿದ್ದೆ. ಅಸೋಸಿಯೇಷನ್ ಸೆಕ್ರೆಟರಿ ಒಂದು ದಿನ ಎದುರಿಗೇ ಸಿಕ್ಕಿ, "ಎನ್ನ ಮಾಮಿ ಇದು?" ಅಂದರು. "ಮಡಿ ಕೋಲು ಸಾರ್. ತುಣಿ ಕಾಯ ಪೋಡ" ಅಂದೆ. ಬಟ್ಟೆ ಒಣಹಾಕುವ ಕೋಲಿಗೆ ಯಾವ ತೀರ್ಮಾನ ಅಡ್ಡ ಬರುತ್ತದೆ? ಅವರು ಭಕ್ತಿಯಿಂದ ಪಕ್ಕಕ್ಕೆ ಸರಿದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಆದರೆ ರೇಡಿಯೋ, ಕೀಲಿ ಇದ್ದ ಕೈಚೀಲ ಹಿಡಿದು ನನ್ನ ಹಿಂದೆ ಮೆಟ್ಟಿಲು ಹತ್ತುವಾಗ ಯಜಮಾನರು ಒಂದೊಂದು ಮಹಡಿಗೂ ನಿಲ್ಲುತ್ತಿದ್ದರು. ಕತ್ತಿನ ಬಟ್ಟೆ ಉಸಿರಿನ ಜೊತೆ ಒಳಕ್ಕೂ ಹೊರಕ್ಕೂ ಆಡುತ್ತಿತ್ತು. ಹಿಂದಿನ ವಾರ ನಿಲ್ಲದಿದ್ದ ಕಡೆ ಈ ವಾರ ಕೂರುತ್ತಿದ್ದರು. ನಾನು ಅದನ್ನು ನೋಡದವಳ ಹಾಗೆ ಮುಂದೆ ಹೋಗಿ, ಸೀರೆ ಹರವಿ, ಕೋಲನ್ನು ಎಳೆದು ಮರಳು ತುಂಬಿದ ಬಕೆಟ್ಟಿನಲ್ಲಿ ನಿಲ್ಲಿಸಿ, ಹಗ್ಗದ ಕಂಬಕ್ಕೆ ಸೈಕಲ್ ಟ್ಯೂಬಿನ ತುಂಡಿನಿಂದ ಬಿಗಿದು ಕಟ್ಟುತ್ತಿದ್ದೆ. ಕೆಳಗೆ ಯಾವುದೋ ದೇವಸ್ಥಾನದ ಲೌಡ್ ಸ್ಪೀಕರ್ ಕೇಳುತ್ತಿರುತ್ತಿತ್ತು. ಆಕಾಶದಲ್ಲಿ ಚಂಡಮಾರುತ ಬಿಟ್ಟುಹೋದ ಮೋಡ ಹಾಗೇ ಮುಸುಕಿರುತ್ತಿತ್ತು. ಮೊದಲ ಕೆಲವು ದಿನ ಅವರು ಎಷ್ಟು ಕುಟ್ಟಿದರೂ ಯಾರೂ ಉತ್ತರಿಸಲಿಲ್ಲ. ತಂತಿಯನ್ನು ಬಿಚ್ಚುವುದು, ಬೇರೆ ಥರ ಸುತ್ತುವುದು, ಇನ್ನೆರಡು ತಂತಿಯನ್ನು ನೆಲದ ಮೇಲೆ ಹರಡುವುದು, ಮತ್ತೆ ಕುಟ್ಟುವುದು. ಬರಿಗೈಯಲ್ಲಿ ಕೆಳಗಿಳಿದು ಬಂದರೆ ಆ ದಿನವಿಡೀ ಮನೆಯಲ್ಲಿ ಸ್ಲೇಟಿಗೂ ಕೆಲಸವಿರುತ್ತಿರಲಿಲ್ಲ.

ಆಮೇಲೊಂದು ಬೆಳಿಗ್ಗೆ ಉತ್ತರ ಬಂತು. ಅವರು ಕೂತಲ್ಲೇ ನೆಟ್ಟಗಾದರು. ಯಾರೋ ಒಬ್ಬರು ಐದು-ಒಂಬತ್ತು ಕೊಟ್ಟು, ನಿಮ್ಮ ಹೆಸರೇನು, ಮತ್ತೊಮ್ಮೆ ಹೇಳಿ ಎಂದರಂತೆ. ಇವರು ಮತ್ತೆ ಕುಟ್ಟಿದರು. ಆತ ಮತ್ತೆ ಐದು-ಒಂಬತ್ತು ಎಂದು, ಹೆಸರು ಮತ್ತೊಮ್ಮೆ ಎಂದ. ಇವರು ಇಯರ್‌ಫೋನ್ ಕಿತ್ತು ತೊಡೆಯ ಮೇಲೆ ಹಾಕಿಕೊಂಡು, "ಸುಳ್ಳ. ಒಂದಕ್ಷರ ಕೇಳಿಸಿಲ್ಲ ಅವನಿಗೆ" ಎಂದು ಬರೆದರು. ಅವರ ಕಣ್ಣಲ್ಲಿ ನೀರಿತ್ತು. ಸುಮ್ಮನೆ ಖುಷಿಪಡಬಾರದೇ, ಅವನು ಮರ್ಯಾದೆಗೆ ಹೇಳಿದ್ದು ಎಂದು ನಾನು ರೇಗಿದೆ. ಅವರು ತಲೆಯಾಡಿಸಿ ಇಯರ್‌ಫೋನ್ ಮತ್ತೆ ಹಾಕಿಕೊಂಡರು.

ಇನ್ನೇನು ಎಲ್ಲವನ್ನೂ ಮಡಿಸಬೇಕು ಅನ್ನುವಾಗ ಇನ್ನೊಬ್ಬರು ಸಿಕ್ಕರು, ಕಾರವಾರದ ಕಡೆಯವರು. ಇವರು ಪೆನ್ನು ಹಿಡಿದು ಬಂದದ್ದನ್ನು ಬಂದ ಹಾಗೆ ಸ್ಲೇಟಿನ ಮೇಲೆ ಇಳಿಸುತ್ತಾ ಹೋದರು, ನಾನು ಬಗ್ಗಿ ಓದಿದೆ. ಮೂರು-ಎರಡು. ಬಹಳ ಕ್ಷೀಣ. ಮುಳುಗಿ ಮುಳುಗಿ ಏಳುತ್ತಿದೆ. ಆದರೆ ಈ ಕೈ ನನಗೆ ಗೊತ್ತು. ಮದ್ರಾಸಿನ ರೈಲ್ವೆಯವರಲ್ಲವೇ? ಎಲ್ಲಿ ಹೋಗಿದ್ದಿರಿ ಇಷ್ಟು ದಿನ?

ಮೂರು-ಎರಡು ಎಂದರೆ ಪಾಸಾಗದ ಅಂಕ. ಆ ಅಂಕದ ಕೆಳಗೆ ಅವರು ಬೆರಳಿಟ್ಟು ನನಗೆ ತೋರಿಸಿದರು, ಮತ್ತೆ ತೋರಿಸಿದರು. ಮುಖ ಅರಳಿತ್ತು. ಇಷ್ಟು ತಿಂಗಳಿಂದ ನೆಂಟರು, ಡಾಕ್ಟರು, ನರ್ಸು, ಮಗಳು, ನಾನು, ಎಲ್ಲರೂ ಚೆನ್ನಾಗಿದ್ದೀರಿ ಚೆನ್ನಾಗಿದ್ದೀರಿ ಎನ್ನುತ್ತಲೇ ಬಂದಿದ್ದೆವು. ಆ ಮುಖದಲ್ಲಿ ಇಂಥ ಬೆಳಕು ಒಂದು ದಿನವೂ ಬಂದಿರಲಿಲ್ಲ.

ಅವರು ಉತ್ತರ ಕುಟ್ಟಿ, ಬೀಳ್ಕೊಟ್ಟು, ರೇಡಿಯೋ ಆರಿಸಿದರು. ಆಮೇಲೆ ಸ್ಲೇಟಿನ ಮೇಲೆ ನಿಧಾನವಾಗಿ, ದುಂಡಗೆ ಬರೆದು ನನ್ನ ಮುಂದೆ ಹಿಡಿದರು. "ಕಾರಿಡಾರಲ್ಲಿ ಡಾಕ್ಟರ್ ನಿಂಗೆ ಹೇಳಿದ್ದೇನು? ಐದು-ಒಂಬತ್ತು ಬೇಡ."

ಮಗಳ ಮಾತು ನೆನಪಾಯಿತು, ಪೊಂಗಲ್ ಹಬ್ಬಕ್ಕೆ ಇನ್ನೂ ದಿನಗಳಿದ್ದವು. ಕಾರವಾರದ ಕಡೆಯ ಆ ಪುಣ್ಯಾತ್ಮರ ಮೇಲೆ ನನಗೆ ಕೋಪ ಬಂತು, ಅವರಿಗೇನು ಕಷ್ಟ, ಅಂಕ ಕೊಟ್ಟು ಹೋದರು. ಯಜಮಾನರು ಸ್ಲೇಟನ್ನು ಇಳಿಸಲಿಲ್ಲ.

"ಮತ್ತೆ ಬಂದಿದೆ ಕಣ್ರೀ," ಅಂದೆ. "ಶ್ವಾಸಕೋಶದಲ್ಲಿ. ಇನ್ನು ಆಪರೇಷನ್ ಮಾಡಲ್ವಂತೆ. ನೋವಿಲ್ಲದ ಹಾಗೆ ನೋಡ್ಕೋತಾರಂತೆ, ಅಷ್ಟೇ."

ಅವರು ಒಂದು ಸಲ ಕಣ್ಣು ಮುಚ್ಚಿ ತೆರೆದರು. ಬರೆದರು. "ಯಾವಾಗಿಂದ ಗೊತ್ತು?"

"ದೀಪಾವಳಿ ಆದ ವಾರದಿಂದ."

ಸಿಟ್ಟು ಮಾಡಲಿ, ಸ್ಲೇಟು ಎಸೆಯಲಿ, ಇಷ್ಟು ದಿನ ಸುಳ್ಳು ಹೇಳಿದ್ದಕ್ಕೆ ಮುಖ ತಿರುಗಿಸಲಿ ಎಂದು ನಾನು ಕಾದೆ. ಅವರು ಬರೆಯುವುದಕ್ಕೆ ಬಹಳ ಹೊತ್ತು ತೆಗೆದುಕೊಂಡರು. ತಿರುಗಿಸಿ ತೋರಿಸಿದಾಗ ಅಲ್ಲಿ ಇದ್ದದ್ದು ಒಂದೇ ಸಾಲು.

"ಪಾಪ, ಇಷ್ಟು ದಿನ ಒಬ್ಬಳೇ ಇಟ್ಕೊಂಡಿದ್ಯಾ."

ನಾನು ಅಲ್ಲೇ ಒದ್ದೆ ಸೀರೆಗಳ ಕೆಳಗೆ ಕುಸಿದು ಕೂತು, ಅವರ ಮಂಡಿಗೆ ತಲೆಯಿಟ್ಟು, ಆಸ್ಪತ್ರೆಯಲ್ಲಿ ಅಳದೆ ಉಳಿಸಿಕೊಂಡದ್ದನ್ನೆಲ್ಲ ಅತ್ತೆ.