ಹೋಳಿಗೆಯ ಮೇಲೆ ಮೇಣದಬತ್ತಿ

ಆ ಕಾಲ ಎಂದರೆ ನಿಮಗೆ ನಗು ಬರಬಹುದು. ನನಗೀಗ ಹದಿನಾರು, ನಾನು ಹೇಳುವ ಆ ಕಾಲ ನಾಲ್ಕನೇ ಕ್ಲಾಸಿನದು. ಆದರೂ ನನ್ನ ಪಾಲಿಗೆ ಅದು ನಿಜಾಮರ ಕಾಲದಷ್ಟೇ ಹಳೆಯದು. ಆಗ ಸುರಪುರದ ಹತ್ತಿರದ ನಮ್ಮೂರಲ್ಲಿ ಹುಟ್ಟುಹಬ್ಬ ಮನೆಯಲ್ಲೇ ನಡೆಯುತ್ತಿತ್ತು. ಗೋಡೆಗೆ ಬಲೂನು, ಬಾಗಿಲಲ್ಲಿ ಚಪ್ಪಲಿಗಳ ರಾಶಿ, ಒಳಗಿನಿಂದ ಒಗ್ಗರಣೆಯ ಘಾಟು.

ಮೂರನೇ ಕ್ಲಾಸಿನಲ್ಲಿದ್ದಾಗ ಅಪ್ಪ ಸುರಪುರದ ಬೇಕರಿಯಿಂದ ಕೇಕ್ ತಂದಿದ್ದ. ಅವ್ವ ಬೈಕಿನ ಹಿಂದೆ ಕೂತು ಅದನ್ನು ಹಸುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದಳು. ದಾರಿಯ ಒಂದೊಂದು ಗುಂಡಿಗೂ ಅಪ್ಪನ ಬೆನ್ನಿಗೆ ಒಂದೊಂದು ಗುದ್ದು. ಕ್ಲಾಸಿನ ಏಳು ಗೆಳತಿಯರು ಬಂದರು. ಕೇಕ್ ಮುಗಿಸಿ ಡಬ್ಬದ ರಟ್ಟನ್ನೂ ನೆಕ್ಕಿದರು. ಆಮೇಲೆ ಅವ್ವ ಪಲಾವಿನ ತಾಟು ಹಿಡಿದು ಬಂದಳು.

"ಹೊಟ್ಟಿ ಕಡ್ಯಾಕತ್ತದ್ರಿ," ಎಂದಳು ಒಬ್ಬಳು.

"ಇವತ್ತ ನಂದು ಒಪ್ಪತ್ತ ಅದರಿ," ಎಂದಳು ಇನ್ನೊಬ್ಬಳು, ಬಾಯಿಗೆ ಮೆತ್ತಿದ ಕೇಕ್ ಒರೆಸಿಕೊಳ್ಳುತ್ತಾ.

ನನ್ನ ಬೆಂಚಿನ ಭಾಗ್ಯಾಳಿಗೆ ಹಲ್ಲುನೋವು. ಏಳು ಮಂದಿಗೆ ಒಂದೇ ಗಳಿಗೆಯಲ್ಲಿ ಏಳು ರೋಗ.

ನಮ್ಮದು ಊರಿನ ಕಡೇ ಓಣಿ, ಗೋಡೆಯ ಮೇಲೆ ಬುದ್ಧನ ಫೋಟೋ ಇರುವ ಮನೆ. ಮೇಲಿನ ಓಣಿಯವರು ನಮ್ಮ ಅಡುಗೆ ಉಣ್ಣುವುದಿಲ್ಲ. ಬೇಕರಿಯ ಕೇಕಿಗೆ ಜಾತಿ ಇರಲಿಲ್ಲ, ಅವ್ವನ ಪಲಾವಿಗೆ ಇತ್ತು. ಅದನ್ನು ನಾವು ಮೂವರೇ ಮರುದಿನವೂ ಉಂಡೆವು.

ಮರುವರ್ಷ ಅಪ್ಪ ಬೈಕಿನ ಕೀಲಿ ತೆಗೆದಾಗ ನಾನು ಬಾಗಿಲಿಗೆ ಅಡ್ಡ ನಿಂತೆ.

"ಕೇಕ್ ಬ್ಯಾಡಪ್ಪ. ಅವ್ವ ಹೋಳಿಗಿ ಮಾಡ್ಲಿ. ಅದನ್ನೇ ಕತ್ತರಸ್ತೀನಿ."

"ಒಬ್ರೂ ತಿನ್ನಂಗಿಲ್ಲ ನೋಡವ್ವ. ಆಮ್ಯಾಲ ಅಳಬ್ಯಾಡ," ಎಂದ ಅಪ್ಪ.

"ಅತ್ರ ಹೋಳಿಗಿ ತಿನಕೋತ ಅಳ್ತೀನಿ."

ಅವ್ವ ಕಡಲೆಬೇಳೆ ತೊಳೆಯಲು ಕೂತಳು.

ಕ್ಲಾಸಿನಲ್ಲಿ ನಾನು ಹೇಳಿದ್ದು ಇಷ್ಟೇ: "ಈ ಸಲ ಕೇಕ್ ಮೂರಂತಸ್ತಿಂದು." ಏಳೂ ಮಂದಿ ಬಂದರು. ತಾಟಿನಲ್ಲಿ ಹೋಳಿಗೆಯ ಗೋಪುರ. ಅದರ ತುದಿ ಮನೆಯ ತಗಡಿಗೆ ತಾಗುತ್ತಿತ್ತು. ಮೊಣಕೈಯಷ್ಟಿತ್ತು ಎನ್ನುವುದು ಅವ್ವನ ಲೆಕ್ಕ. ಮೆತ್ತಗಿನ ಹೋಳಿಗೆಯಲ್ಲಿ ಮೇಣದಬತ್ತಿ ನಿಲ್ಲದೆ, ಹೂರಣದ ಉಂಡೆಯೊಂದನ್ನು ಮೇಲಿಟ್ಟು ಅದರಲ್ಲಿ ಚುಚ್ಚಿದ್ದೆವು. ಏಲಕ್ಕಿ, ಬೆಲ್ಲದ ವಾಸನೆಗೆ ಓಣಿಯ ನಾಯಿಗಳೆಲ್ಲ ಕರೆಯದೇ ಬಂದು ಕೂತಿದ್ದವು.

"ಕೇಕ್ ಎಲ್ಲದ?"

"ಇದೇ."

"ಯಾ ಬೇಕರೀದು?"

"ನಮ್ಮವ್ವನ ಬೇಕರೀದು."

ಊದಿದೆ, ಕತ್ತರಿಸಿದೆ. ಚಪ್ಪಾಳೆಯಿಲ್ಲ. ತುಂಡನ್ನು ಎದುರಿಗಿದ್ದವಳ ಬಾಯಿಯ ಮುಂದೆ ಹಿಡಿದೆ. ಅವಳು ಎದ್ದಳು. ಅವಳ ಹಿಂದೆ ಐವರು ಎದ್ದು ಚಪ್ಪಲಿ ಮೆಟ್ಟಿದರು. ಒಬ್ಬಳಂತೂ ನನಗೆಂದು ತಂದಿದ್ದ ಕಂಪಾಸ್ ಬಾಕ್ಸನ್ನೂ ಎತ್ತಿಕೊಂಡು ಹೋದಳು. ನನ್ನ ಕೈ ಇನ್ನೂ ಚಾಚಿಯೇ ಇತ್ತು. ಇಳಿಸಿದರೆ ಸೋತಂತೆ ಎಂಬ ಹಟ. ತುಪ್ಪ ಮೊಣಕೈತನಕ ಇಳಿಯುತ್ತಿತ್ತು.

ಭಾಗ್ಯಾ ಮಾತ್ರ ಎದ್ದಿರಲಿಲ್ಲ.

"ಯಾಕ, ಹಲ್ಲು ನೋಯಾಕತ್ತದೇನು?" ಎಂದೆ.

"ಆ ಹಲ್ಲು ಬಿದ್ದೋತು," ಎಂದು ಬಾಯಿ ತೆರೆದು ಕಿಂಡಿ ತೋರಿಸಿದಳು. ಆಮೇಲೆ ಅವ್ವನ ಕಡೆ ತಿರುಗಿ, "ಆಂಟಿ, ಇನ್ನಾ ಸ್ವಲ್ಪ ತುಪ್ಪ ಹಾಕ್ರಿ," ಎಂದಳು.

ಮೂರು ತಿಂದಳು. ಅವ್ವ ಒಳಗೂ ಹೊರಗೂ ಓಡಾಡಿದ ರಭಸಕ್ಕೆ ಬಲೂನುಗಳು ಗೋಡೆಯಿಂದ ಕಳಚಿ ಬಿದ್ದವು.

ಮರುದಿನ ಭಾಗ್ಯಾ ಒದ್ದೆ ತಲೆಯಲ್ಲೇ ಶಾಲೆಗೆ ಬಂದಳು.

"ಸುದ್ದಿ ಗೊತ್ತಾಗಿ ನಮ್ಮಜ್ಜಿ ತಲಿ ಮ್ಯಾಲ ಮೂರು ಕೊಡ ನೀರು ಸುರುವಿದ್ಳು. ಹೋಳಿಗಿಗೊಂದು ಕೊಡ."

"ಮತ್ತ ಈಗ?"

"ಮುಂದಿನ ವರ್ಷ ಐದು ತಿಂತೀನಿ. ಅಕಿ ಎಷ್ಟು ನೀರು ಹೊರ್ತಾಳೋ ಹೊರ್ಲಿ."

ಮಾತಿಗೆ ತಪ್ಪಲಿಲ್ಲ. ಈಗ ಅಜ್ಜಿಗೆ ಕೊಡ ಎತ್ತಲು ಕೈಲಾಗದು. ಆ ಕೆಲಸವನ್ನು ಭಾಗ್ಯಾಳ ಅವ್ವ ವಹಿಸಿಕೊಂಡಿದ್ದಾಳೆ.

ಉಳಿದವರ ಹುಟ್ಟುಹಬ್ಬವೆಲ್ಲ ಈಗ ಶಹಾಪುರದ ಹೋಟೆಲಿನಲ್ಲಿ. ಆ ಆರೂ ಮಂದಿ ನನ್ನ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಳ್ಳುತ್ತಾರೆ, ನನ್ನ ಪ್ಲೇಟಿನಿಂದಲೇ ಗೋಬಿ ಎತ್ತಿಕೊಳ್ಳುತ್ತಾರೆ. ಯಾರಿಗೂ ಹೊಟ್ಟೆನೋವಿಲ್ಲ. ಆದರೆ ಅವರ್ಯಾರೂ ಅಂದಿನಿಂದ ನಮ್ಮ ಹೊಸ್ತಿಲು ದಾಟಿಲ್ಲ. ಆಗ ಸುಳ್ಳು ಹೇಳಲಿಕ್ಕಾದರೂ ಒಳಗೆ ಬರುತ್ತಿದ್ದರು. ಬಾಗಿಲಲ್ಲಿ ಚಪ್ಪಲಿಗಳ ರಾಶಿಯಾದರೂ ಇರುತ್ತಿತ್ತು.

ಈ ಭಾನುವಾರ ನನ್ನ ಹುಟ್ಟುಹಬ್ಬ. ಹೋಟೆಲಿನಲ್ಲೇ ಮಾಡು ಎಂದರು ಎಲ್ಲರೂ. ಮನೆಯಲ್ಲೇ ಎಂದೆ. ಏಳೂ ಮಂದಿಗೆ ಹೇಳಿದ್ದೇನೆ. ಅವ್ವನೂ ಏಳು ಮಂದಿಗಾಗುವಷ್ಟು ಬೇಳೆ ತೆಗೆದಿಟ್ಟಿದ್ದಾಳೆ. ಯಾದಗಿರಿಯ ಹಾಸ್ಟೆಲಿನಲ್ಲಿರುವ ಭಾಗ್ಯಾಳಿಗೆ ಮಾತ್ರ ಮೆಸೇಜಿನಲ್ಲಿ ಒಂದು ಸಾಲು ಹೆಚ್ಚಿಗೆ ಬರೆದೆ: "ಬರಬೇಕಾದ್ರ ಟವೆಲ್ ತಗೊಂಡು ಬಾ."

ಕೂಡಲೇ ಉತ್ತರ ಬಂತು: "ಎರಡು ತರ್ತೀನಿ. ಈ ಸಲ ಹತ್ತು ಹೋಳಿಗಿ."