ಕಂಬಳಿಯೊಳಗಿನ ಸಿಲಿಂಡರ್

ತೊಂಬತ್ತರ ದಶಕದ ಕೊನೆಯಲ್ಲೂ ಧರ್ಮಪುರದ ಆಚೆಯ ನಮ್ಮ ಊರಿಗೆ ಗ್ಯಾಸ್ ಗಾಡಿ ಬರುತ್ತಿರಲಿಲ್ಲ. ಸಿಲಿಂಡರ್ ಬೇಕೆಂದರೆ ಹಿರಿಯೂರಿನಿಂದಲೇ ತರಬೇಕು, ಬಸ್ಸಿನವರು ಅದನ್ನು ಹತ್ತಿಸಿಕೊಳ್ಳುತ್ತಿರಲಿಲ್ಲ. ಒಲೆ ಊದಿ ಊದಿ ಸಾಕಾಗಿದ್ದ ನಾನು ದಿನಾ ಒಂದೇ ರಾಗ ಹಾಡಿ, ಕೊನೆಗೂ ನನ್ನ ಗಂಡನ ಅಪ್ಪ, ಮಾವನನ್ನು ಹೊರಡಿಸಿ ಜೊತೆಗೆ ಹೋದೆ. ನನ್ನ ಬಾಯಿ ಸುಮ್ಮನಿರುವಂಥದ್ದಲ್ಲ. ಆ ದಿನ ಮಾತ್ರ ಸುಮ್ಮನಿತ್ತು.

ಮಾವ ಕುರಿ ಕಾಯ್ದು ಬೆಳೆದವರು. ಕಂಡಕ್ಟರ್ ಚಾಪೆ ಕೆಳಗೆ ತೂರಿದರೆ ಇವರು ರಂಗೋಲಿ ಕೆಳಗೆ ತೂರುವವರು. ನಮ್ಮಲ್ಲಿ ಮನೆದೇವರನ್ನು ಹೊಳೆಪೂಜೆಗೆ ಒಯ್ಯುವಾಗ ಕಂಬಳಿಯಲ್ಲಿ ಸುತ್ತಿ, ಬರಿಗಾಲಲ್ಲಿ ಹೊತ್ತು ಹೋಗಿಬರುವುದು ರೂಢಿ. ಬಸ್ ನಿಲ್ದಾಣದ ಹಿಂದೆ ನಿಂತು ಮಾವ ಸಿಲಿಂಡರಿಗೆ ಕರಿಕಂಬಳಿ ಸುತ್ತಿ, ಅರಿಶಿನದ ಭಂಡಾರ ಎರಚಿ, ಸೇವಂತಿಗೆ ಹಾರ ಹಾಕಿದರು. ಹಾರ ಜಾರುತ್ತದೆಂದು ಅದರ ಬಾಯಿಯ ಮುಚ್ಚಳ ಕಿತ್ತು ಅಲ್ಲೇ ದಾರ ಬಿಗಿದರು. ಅವರ ಚಪ್ಪಲಿ ನನ್ನ ಚೀಲ ಸೇರಿತು.

"ಹೊಳೆಪೂಜೆ ಮುಗಿಸ್ಕಂಡು ಬತ್ತಿದೀವಿ, ದಾರಿ ಬಿಡ್ರಿ," ಅಂದರು ಮಾವ.

ಕಂಡಕ್ಟರ್ ಮುಂದಿನ ಸೀಟಿನವರನ್ನು ಎಬ್ಬಿಸಿ, ಚಪ್ಪಲಿ ಕಳಚಿ ಕೈಮುಗಿದ. "ದೇವ್ರನ್ನ ಇಲ್ಲಿ ಕುಂದ್ರಿಸ್ರಿ ಯಜಮಾನ್ರೇ," ಅಂದ. ನಾನು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆ. ಈಗ ನೆನೆದರೆ ಮೈ ಹಿಡಿಯಷ್ಟಾಗುತ್ತದೆ.

ಪಕ್ಕದ ಸೀಟಿನಲ್ಲಿ ಒಬ್ಬ ಅಜ್ಜಿ, ಮಡಿಲಲ್ಲಿ ಜ್ವರದ ಮೊಮ್ಮಗಳು. ಆಸ್ಪತ್ರೆಯಿಂದ ವಾಪಸ್ ಹೊರಟಿದ್ದರು.

"ಔಷಧಿಗೆ ಬಗ್ತಿಲ್ಲ ಕಣವ್ವ. ದೇವ್ರೇ ಎದುರಿಗೆ ಬಂದೈತೆ," ಎಂದು ಅಜ್ಜಿ ಮಗುವಿನ ಹಣೆಯನ್ನು ಕಂಬಳಿಗೆ ಮುಟ್ಟಿಸಿ, ಭಂಡಾರ ಬಳಿದಳು. ನನ್ನ ನಗು ಸತ್ತೇ ಹೋಯಿತು. ಮಾವನತ್ತ ನೋಡಿದರೆ ಅವರು ಕಣ್ಣಲ್ಲೇ ಗದರಿದರು. ಅರ್ಧ ಬಸ್ಸು ನಮ್ಮ ಕಡೆಯ ಜನವೇ. ನಿಜ ಹೇಳಿದರೆ ಮನೆಯ ಮಾನ ಮೂರಾಬಟ್ಟೆಯಾಗುತ್ತಿತ್ತು. ಬಾಯಿ ಮುಚ್ಚಿಕೊಂಡು ಕೂತೆ.

ಹಿರಿಯೂರು ದಾಟಿ ರಸ್ತೆಯ ಗುಂಡಿಗಳು ಶುರುವಾದ ಮೇಲೆ ವಾಸನೆ ಬಂತು. "ಯಾರ್ರೀ ಅದು, ಕೊಳೆತ ಈರುಳ್ಳಿ ತಂದಿರೋರು?" ಎಂದು ಹಿಂದಿನಿಂದ ಯಾರೋ ಕೇಳಿದರು. ಅದೇನೆಂದು ನನಗೆ ಗೊತ್ತಾಯಿತು. ಗೊತ್ತಾದಾಗಲೂ ಮೊದಲು ತಲೆಗೆ ಬಂದದ್ದು ಬಸ್ಸಿನ ಜನರಲ್ಲ, ನಾಳೆ ಊರಲ್ಲಿ ನನ್ನನ್ನು ಏನಂತಾರೋ ಅನ್ನುವುದು. ಥೂ, ನನ್ನ ಜನ್ಮಕ್ಕಿಷ್ಟು.

ಅಷ್ಟರಲ್ಲಿ ಅಜ್ಜಿ ಎಲೆಅಡಿಕೆ ಚೀಲದಿಂದ ಕರ್ಪೂರ ತೆಗೆದು, ಬೆಂಕಿಪೊಟ್ಟಣಕ್ಕೆ ಕೈ ಹಾಕಿದಳು. ನಾನು ಎದ್ದು ಆ ಕೈ ಹಿಡಿದುಕೊಂಡೆ.

"ಹಚ್ಬ್ಯಾಡವ್ವ. ಅದು ದೇವ್ರಲ್ಲ, ಗ್ಯಾಸು."

ಬಸ್ಸು ನಿಂತಿತು. ಜನ ಒಬ್ಬರ ಮೇಲೊಬ್ಬರು ಬಿದ್ದು ಇಳಿದರು. ಮಾವ ಸಿಲಿಂಡರನ್ನು ಹೊತ್ತು ದೂರದ ಬಯಲಿನಲ್ಲಿಟ್ಟು ಬಂದು, ತಲೆ ತಗ್ಗಿಸಿ ನಿಂತರು.

"ಚಪ್ಲಿ ಬಿಟ್ಟು ಕೈ ಮುಗ್ದಿದ್ನಲ್ರೀ ಯಜಮಾನ್ರೇ," ಅಂದ ಕಂಡಕ್ಟರ್. ಅಷ್ಟೇ ಅಂದದ್ದು. ಉಳಿದವರು ಬಾಯಿಗೆ ಬಂದಂತೆ ಬೈದರು, ಬೈಯಲೇಬೇಕಿತ್ತು.

ಅಜ್ಜಿ ಬೈಯಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ರಸ್ತೆ ಬದಿಯ ಕಲ್ಲಿನ ಮೇಲೆ ಕೂತು, ಸೆರಗಿನ ತುದಿಯನ್ನು ಉಗುಳಿನಲ್ಲಿ ಒದ್ದೆ ಮಾಡಿಕೊಂಡು ಮೊಮ್ಮಗಳ ಹಣೆ ಉಜ್ಜುತ್ತಿದ್ದಳು. ಅರಿಶಿನ ಬೇಗ ಹೋಗುವುದಿಲ್ಲವಲ್ಲ. ಮಗು ನೋವಿಗೆ ಅಳತೊಡಗಿದರೂ ಆಕೆ ಉಜ್ಜುವುದನ್ನು ಬಿಡಲಿಲ್ಲ.